ಕೋವಿಗೆ ಪೌತಿ ಖಾತೆ ಇಲ್ಲ

(ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಬೇಸಾಯದ ಡಿಪ್ಲೊಮಾ ಓದಿದವನು. ಬಿತ್ತನೆ, ಗೊಬ್ಬರದ ಮಾತು ಬಿಟ್ಟು ಇಂದು ಕೋವಿಯ ಮಾತೆತ್ತಲು ಕಾರಣವುಂಟು. ಮೊನ್ನೆ ಒಬ್ಬ ತರುಣ ಕೇಳಿದ: "ಸ್ವಾಮಿ, ಅಪ್ಪ ತೀರಿಕೊಂಡ ಮೇಲೆ ಹೊಲ ಪೌತಿ ಖಾತೆಯಾಗಿ ನನ್ನ ಹೆಸರಿಗೆ ಬಂತು. ಅಟ್ಟದ ಮೇಲಿರುವ ಕೋವಿಯೂ ನನ್ನದೇ ತಾನೆ?"

ಅಲ್ಲ. ಆ ಕೋವಿ ಹಿಡಿದು ರಾತ್ರಿ ಜೋಳ ಕಾಯಲು ಕುಳಿತರೆ ಅವನು ಅಪರಾಧಿ. ೧೯೫೯ರ ಆಯುಧ ಕಾಯಿದೆಯಂತೆ ಲೈಸೆನ್ಸು ಮನೆಗೂ ಅಲ್ಲ, ಹೊಲಕ್ಕೂ ಅಲ್ಲ, ಮನುಷ್ಯನಿಗೆ ಕೊಟ್ಟದ್ದು. ೨೦೧೯ರ ತಿದ್ದುಪಡಿಯಾದ ಮೇಲೆ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡವನಿಗೆ ಸಾಮಾನ್ಯವಾಗಿ ೨ರಿಂದ ೫ ವರ್ಷ ಸೆರೆವಾಸ. ಆದ್ದರಿಂದ ಯಜಮಾನರು ತೀರಿಕೊಂಡರೆ ತಡಮಾಡದೆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀತಿ ಪಡೆಯಿರಿ. ಬಳಿಕ ೨೧ ವರ್ಷ ತುಂಬಿದ ವಾರಸುದಾರನು ತನ್ನ ಹೆಸರಿಗೆ ಜಿಲ್ಲಾಧಿಕಾರಿಗಳಲ್ಲಿ ಅರ್ಜಿ ಹಾಕಬೇಕು. ೧೯೯೭ರಲ್ಲಿ ನಮ್ಮದೇ ಜಿಲ್ಲೆಯಾದ ಮೇಲೆ ಇದಕ್ಕೆ ಮೈಸೂರಿನ ಅಲೆದಾಟ ತಪ್ಪಿದೆ. ಚಾಮರಾಜನಗರಕ್ಕೆ ಹೋದರೆ ಸಾಕು.

ಸಾಯುವವರೆಗೂ ಕಾಯಬೇಕಾಗಿಲ್ಲ. ಲೈಸೆನ್ಸುದಾರರಿಗೆ ೭೦ ವರ್ಷ ತುಂಬಿದರೆ, ಇಲ್ಲವೇ ಕೋವಿ ೨೫ ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಮಾಡಿಸಲು ೨೦೧೬ರ ನಿಯಮಗಳಲ್ಲಿ ಅವಕಾಶವುಂಟು. ಮುಂದೆ ಕುಳಿತಿರುವ ಹಿರಿಯರಿಗೇ ಈ ಮಾತು ಹೇಳುತ್ತಿದ್ದೇನೆ. ಲೈಸೆನ್ಸು ಒಮ್ಮೆ ಕೈಬಿಟ್ಟರೆ ನಮ್ಮ ಕಡೆ ಹೊಸದು ಸುಲಭವಲ್ಲ. ಅಭಯಾರಣ್ಯದಿಂದ ೧೦ ಕಿಲೋಮೀಟರಿನೊಳಗೆ ಹೊಸ ಲೈಸೆನ್ಸು ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಮೊದಲೇ ಬೇಕೆಂದು ೧೯೭೨ರ ವನ್ಯಜೀವಿ ಕಾಯಿದೆ ಹೇಳುತ್ತದೆ. ಬಂಡೀಪುರ, ಬಿಳಿಗಿರಿರಂಗನಬೆಟ್ಟಗಳ ನಡುವೆ ಬಾಳುವ ನಮಗೆ ಆ ಗೆರೆ ದೂರವೇನಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ, ನಮಗೇಕಿಲ್ಲ ಎಂದು ಕೇಳುವವರಿದ್ದಾರೆ. ಅದು ಹಳೆಯ ಕಾಲದಿಂದ ಅವರಿಗೆ ಬಂದದ್ದು, ನಮಗೆ ಅನ್ವಯಿಸದು.

ಬೆಳೆರಕ್ಷಣೆಯ ಲೈಸೆನ್ಸು ಬೇಟೆಯ ಅಪ್ಪಣೆಯೂ ಅಲ್ಲ. ಹಂದಿಗಳು ಕಡಲೆಕಾಯಿ ಹೊಲವನ್ನು ಒಂದೇ ರಾತ್ರಿಯಲ್ಲಿ ಉತ್ತು ಹಾಕಿದ್ದನ್ನು ನಾನೂ ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಆದರೂ ಅಧಿಕಾರಿಗಳ ಲಿಖಿತ ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಪ್ರಾಣಕ್ಕೆ ಬಂದಾಗ ಆತ್ಮರಕ್ಷಣೆಗೆ ಹೊಡೆದರೆ ಅಪರಾಧವಲ್ಲ, ಆದರೆ ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಸಾರಿಗಲ್ಲ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಿ. ಬರೆಯಲು ಬಾರದಿದ್ದರೆ ನನ್ನನ್ನು ಕರೆಯಿರಿ.

ಆ ತರುಣ ಮರುದಿನವೇ ನನ್ನ ಜೊತೆ ಠಾಣೆಗೆ ಬಂದು ಕೋವಿ ಒಪ್ಪಿಸಿದ. ರಸೀತಿ ಅವನ ಬಳಿ ಇದೆ, ಅರ್ಜಿಯೂ ಹೋಗಿದೆ. ಈ ಸಲ ಜೋಳಕ್ಕೆ ತಮಟೆ, ಟಾರ್ಚುಗಳದೇ ಕಾವಲು.