ಗಾಳ ಹಾಕುವ ಮುನ್ನ



ದಸರಾ ಮುಗಿದ ವಾರ ಟೆಕ್ಸಾಸಿನಿಂದ ನನ್ನ ಸೋದರಳಿಯ ಫೋನು ಮಾಡಿದ. "ಮಾವ, ಡಿಸೆಂಬರಿಗೆ ಬರುತ್ತಿದ್ದೇವೆ. ಹಾರಂಗಿಯಲ್ಲಿ ಎರಡು ದಿನ ಮೀನು ಹಿಡಿಯುವುದಕ್ಕೆ ಏರ್ಪಾಡು ಮಾಡಿಡಿ. ಹುಡುಗನಿಗೆ ಮಾತು ಕೊಟ್ಟುಬಿಟ್ಟಿದ್ದೇನೆ" ಎಂದ. ನಾನು ಆಗಲಿ ಎಂದೆ. ಕುಶಾಲನಗರದಲ್ಲೇ ಹುಟ್ಟಿ, ಅಲ್ಲಿಯೇ ಮೇಷ್ಟರಾಗಿ ನಿವೃತ್ತನಾದವನು ನಾನು. ಹಾರಂಗಿ ಅಣೆಕಟ್ಟೆ ನಮ್ಮ ಊರಿಗೆ ಒಂಬತ್ತು ಕಿಲೋಮೀಟರು, ಕಾವೇರಿಯಂತೂ ಕೂಗಳತೆಯಲ್ಲಿದ್ದಾಳೆ. ಒಂದು ಬಿದಿರುಕೋಲು, ಒಂದು ಕರಟದ ತುಂಬ ಎರೆಹುಳು, ನಾಲ್ಕು ಪೊಟ್ಟಣ ಚಿತ್ರಾನ್ನ. ಇಷ್ಟಕ್ಕೆ ಎಂಥ ಏರ್ಪಾಡು ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ಮರುದಿನ ಅವನ ಪಟ್ಟಿ ಬಂತು. ನೀರಿನ ಆಳವೆಷ್ಟು, ತಳದಲ್ಲಿ ಮರದ ಬೊಡ್ಡೆಗಳಿವೆಯೆ, ಬೆಳಗಿನ ಜಾವ ನೀರು ಎಷ್ಟು ತಣ್ಣಗಿರುತ್ತದೆ, ದೋಣಿ ಸಿಗುತ್ತದೆಯೆ, ಬಾಸ್ ಮೀನು ದಡದಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ? ಒಟ್ಟು ಹದಿನೇಳು ಪ್ರಶ್ನೆಗಳು. ನಾನು ಮಕ್ಕಳಿಗೆ ಕೊಡುತ್ತಿದ್ದ ಪ್ರಶ್ನೆಪತ್ರಿಕೆಯ ಸೇಡನ್ನು ಇವನು ತೀರಿಸಿಕೊಳ್ಳುತ್ತಿದ್ದಾನೆ ಎನಿಸಿತು. ಟೆಕ್ಸಾಸಿನ ಕೆರೆಗಳು ಹೆಚ್ಚುಪಾಲು ಅಣೆಕಟ್ಟು ಕಟ್ಟಿ ನಿಲ್ಲಿಸಿದ ನೀರಂತೆ. ಅಲ್ಲಿ ಬಾಸ್ ಮೀನಿನ ಬೇಟೆಗೆ ಹೋಗುವವರು ತಳದ ಚಿತ್ರ ತೋರಿಸುವ ಯಂತ್ರವನ್ನು ದೋಣಿಯಲ್ಲಿ ಇಟ್ಟುಕೊಳ್ಳುತ್ತಾರಂತೆ. ಆ ಯಂತ್ರವನ್ನು ವಿಮಾನದಲ್ಲಿ ತರಲೆ ಎಂಬುದು ಹದಿನೇಳನೆಯ ಪ್ರಶ್ನೆ.

ಬೇಡ ಎಂದು ಬರೆದೆ. ಏಕೆಂದರೆ ನಮ್ಮಲ್ಲಿ ಅಂಥದೊಂದು ಯಂತ್ರ ಆಗಲೇ ಇದೆ. ನನ್ನ ಹಳೆಯ ಸ್ನೇಹಿತರೊಬ್ಬರು. ಪುಷ್ಪಗಿರಿಯ ಸಾಲಿನಿಂದ ಇಳಿದುಬರುವ ಹಾರಂಗಿಗೆ ಹುದುಗೂರಿನ ಬಳಿ ಕಟ್ಟೆ ಕಟ್ಟಿ, 1982ರಲ್ಲಿ ಆ ಕೆಲಸ ಮುಗಿದಾಗ, ನೀರಿನ ಕೆಳಗೆ ಹೋದ ಗದ್ದೆಗಳಲ್ಲಿ ಅವರ ಮನೆತನದ ಗದ್ದೆಯೂ ಒಂದು. ನಾವಿಬ್ಬರೂ ಹಿನ್ನೀರಿನ ದಂಡೆಗೆ ಹೋಗಿ ನಿಂತೆವು. ನನಗೆ ಕಂಡದ್ದು ನೀರು, ಆಚೆ ಕಾಡು, ನಡುವೆ ಒಂದು ನೀರುಕಾಗೆ. ಅವರು ಕೈ ನೀಡಿ ಹೇಳುತ್ತ ಹೋದರು: "ಮೇಷ್ಟ್ರೇ, ಅದೋ ಅಲ್ಲಿ ನಮ್ಮ ಕಣ. ಅದರ ಬಲಕ್ಕೆ ಹಲಸಿನ ಮರ. ಮರದಾಚೆ ತೋಡು, ಸೊಂಟದುದ್ದ ಆಳ. ನೀರು ಇಳಿಯುವ ಕಾಲದಲ್ಲಿ ಮೀನು ಆ ತೋಡಿನ ಗುಂಡಿಯನ್ನೇ ಹಿಡಿದು ಕೂರುತ್ತದೆ. ಗದ್ದೆಯ ಮೇಲೆ ಹಾಕಿದರೆ ಗಾಳಕ್ಕೆ ಬರೀ ಕೆಸರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನಿಗೆ ಆ ತೋಡಿನ ನೀರಿಗಾಗಿ ಪಕ್ಕದವರೊಡನೆ ಇಪ್ಪತ್ತು ವರ್ಷ ಜಗಳ" ಎಂದರು. ಈಗ ಆ ಜಗಳದ ಮೇಲೆ ಮೂವತ್ತು ಅಡಿ ನೀರಿದೆ. ಯಾವ ಯಂತ್ರ ಇದನ್ನು ತೋರಿಸೀತು?

ನೀರಿನ ಮಟ್ಟವನ್ನು ತಿಳಿಯುವುದು ನಮ್ಮೂರಿನಲ್ಲಿ ಕಷ್ಟವಿಲ್ಲ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ತುಂಬಿದಾಗ ನಿಲ್ಲುವ ನೀರು 8.5 ಟಿಎಂಸಿ ಎಂಬುದು ಕೊಡಗಿನ ಶಾಲಾಮಕ್ಕಳಿಗೂ ಬಾಯಿಪಾಠ. ಮಳೆಗಾಲದಲ್ಲಿ ಪತ್ರಿಕೆ ಬಂದೊಡನೆ ನಾವು ಮೊದಲು ನೋಡುವುದೇ ಆ ಅಂಕಿಯನ್ನು. 2018ರ ಮತ್ತು 2019ರ ಆಗಸ್ಟಿನಲ್ಲಿ ಕಾವೇರಿ ನಮ್ಮ ಬಡಾವಣೆಗಳ ಒಳಗೇ ಬಂದಮೇಲೆ ಆ ಅಭ್ಯಾಸ ಇನ್ನೂ ಗಟ್ಟಿಯಾಗಿದೆ. ಪರವಾನಗಿಯ ವಿಷಯವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ಬಂದೆ. ಅದರ ವಿವರದಿಂದ ನಿಮ್ಮನ್ನು ಬೇಸರಪಡಿಸುವುದಿಲ್ಲ. ಕಟ್ಟೆಯ ಹತ್ತಿರ ಸುಳಿಯಬಾರದು, ಮಳೆಗಾಲ ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಗಾಳ ಮುಟ್ಟಬಾರದು. ಇವೆರಡನ್ನು ಕಚೇರಿಯವರು ಹೇಳದಿದ್ದರೂ ಬಲ್ಲವರು ಪಾಲಿಸುತ್ತಾರೆ.

ಉಳಿದದ್ದು ಮೀನಿನ ಪ್ರಶ್ನೆ. ಬಾಸ್ ಅಮೆರಿಕದ ಮೀನು. ಹಾರಂಗಿಯಲ್ಲಿರುವುದು ಕಾಟ್ಲಾ, ರೋಹು, ಗೆಂಡೆ, ಎಲ್ಲ ಕೆರೆಗಳನ್ನೂ ಆಕ್ರಮಿಸಿಕೊಂಡಿರುವ ಜಿಲೇಬಿ ಮೀನು, ಮತ್ತು ನಮ್ಮ ಕೊರವ. "ನಿನ್ನ ಬಾಸ್ ಮೀನಿನ ದಾಯಾದಿ ಬೇಕೆಂದರೆ ಕೊರವನೇ ಇದ್ದಾನೆ" ಎಂದು ಅಳಿಯನಿಗೆ ತಿಳಿಸಿದೆ. ರಕ್ತಸಂಬಂಧವಿಲ್ಲ, ಗುಣ ಮಾತ್ರ ಒಂದೇ. ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಕಪ್ಪೆಯ ಮೇಲೆ ಎರಗುವುದು, ಮರಿಗಳನ್ನು ಕಾಯುವುದು, ಕಾಯುವಾಗ ಹತ್ತಿರ ಬಂದವರ ಮೇಲೆ ಹಾಯುವುದು. "ಮಾವ, ಒಂದಷ್ಟು ಬಾಸ್ ಮರಿಗಳನ್ನು ಅಲ್ಲಿಗೆ ಬಿಟ್ಟರೆ ಹೇಗೆ?" ಎಂದು ಅವನು ತಮಾಷೆಗೆ ಕೇಳಿದ. ಜಪಾನಿನಲ್ಲಿ 1925ರಲ್ಲಿ ಹಾಗೆಯೇ ಒಬ್ಬರು ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟರು. ಅದು ಅಲ್ಲಿಂದ ದೇಶವೆಲ್ಲ ಹಬ್ಬಿ ಅಲ್ಲಿಯ ಸಣ್ಣ ಮೀನುಗಳನ್ನು ತಿಂದು, ಕೊನೆಗೆ ಸರ್ಕಾರವೇ ಅದನ್ನು ಸಾಕುವುದು, ಬಿಡುವುದು ಅಪರಾಧ ಎಂದು ಕಾನೂನು ಮಾಡಬೇಕಾಯಿತು. ಇದನ್ನು ನಾನು ಫೋನಿನಲ್ಲಿ ಗುರುಗಳ ಧಾಟಿಯಲ್ಲೇ ವಿವರಿಸಿದೆ. ವಿವರಿಸಿ ಮುಗಿಸುವ ಹೊತ್ತಿಗೆ ನನ್ನ ದನಿ ನನಗೇ ಕೃತಕವಾಗಿ ಕೇಳಿಸಿತು. ಕಾರಣವನ್ನು ಮುಂದೆ ಹೇಳುತ್ತೇನೆ.

ಎರಡು ವಾರದ ಮೇಲೆ ಹುಡುಗನೇ ಫೋನಿಗೆ ಬಂದ. ಅವನಿಗೆ ಹನ್ನೊಂದು ವರ್ಷ. ಬಾಸ್ ಬೇಡವಂತೆ, ಕೊರವನೂ ಬೇಡವಂತೆ. ಅವನು ಒಂದು ಚಿತ್ರ ನೋಡಿದ್ದಾನೆ: ಬೆನ್ನು ಗೂನಾಗಿ ಎದ್ದಿರುವ, ಕಿತ್ತಳೆ ಬಣ್ಣದ ರೆಕ್ಕೆಗಳ, ಮನುಷ್ಯನಷ್ಟು ತೂಕದ ಕಾವೇರಿಯ ಮೀನು. "ತಾತ, ಅದು ನಿಮ್ಮ ಊರಿನದೇ ಅಲ್ಲವೆ?"

ನಮ್ಮ ಊರಿನದೇ. ಹೊರಗಿನವರು ಮಹಶೀರ್ ಎನ್ನುವ ಮೀನನ್ನು ನಾವು ಬಿಳಿಮೀನು ಎಂದು ಕರೆಯುತ್ತೇವೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲರು ಗಾಳದ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಅದರ ಕಥಾನಾಯಕ ಈ ಮಹಶೀರ್ ಕುಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಪಿಲೆಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ ಸುಮಾರು 54 ಕಿಲೋ. ನಾನು ಅಷ್ಟು ದೊಡ್ಡದನ್ನು ಕಂಡವನಲ್ಲ. ಚಿಕ್ಕವನಿದ್ದಾಗ ರಾಗಿಹಿಟ್ಟನ್ನು ಬೇಯಿಸಿ ನಿಂಬೆಗಾತ್ರದ ಉಂಡೆ ಕಟ್ಟಿ ಹಾಕುತ್ತಿದ್ದೆವು. ಒಮ್ಮೆ ಮೊಳದುದ್ದದ ಮೀನೊಂದು ಕಚ್ಚಿ ದಾರ, ಕೋಲು, ಕೋಲು ಹಿಡಿದಿದ್ದ ನನ್ನ ಅಣ್ಣ, ಮೂವರನ್ನೂ ಮಡುವಿಗೆ ಎಳೆಯಿತು. ಅಣ್ಣನೊಬ್ಬ ಹಿಂದಿರುಗಿ ಬಂದ.

ಸುಮಾರು ಮೂವತ್ತು ವರ್ಷಗಳ ಹಿಂದಿನ ಮಾತು. ತೋಟೆ ಸಿಡಿಸಿ ಮೀನು ಕೊಲ್ಲುವವರಿಂದ ಬಿಳಿಮೀನು ಕಡಿಮೆಯಾಗಿದೆ, ಮರಿಗಳನ್ನು ತಂದು ಬಿಡೋಣ ಎಂದು ಕೆಲವು ಸದುದ್ದೇಶದ ಜನ ನಮ್ಮ ಶಾಲೆಗೆ ಬಂದರು. ನಾನು ಉತ್ಸಾಹದಿಂದ ಒಪ್ಪಿದೆ. ನಲವತ್ತು ಮಕ್ಕಳನ್ನು ಸಾಲಾಗಿ ಹೊಳೆಗೆ ಕರೆದುಕೊಂಡು ಹೋದೆ. ಆಮ್ಲಜನಕ ತುಂಬಿದ ಪಾಲಿಥೀನ್ ಚೀಲಗಳು. ಒಳಗೆ ಬೆರಳುದ್ದದ ಮರಿಗಳು. ಚೀಲವನ್ನು ಒಮ್ಮೆಗೇ ಬಿಚ್ಚಬಾರದು, ಒಳಗಿನ ನೀರೂ ಹೊಳೆಯ ನೀರೂ ಒಂದೇ ಹದಕ್ಕೆ ಬರುವವರೆಗೆ ತೇಲಬಿಡಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟವನು ನಾನೇ. ಮರಿಗಳು ಹೊರಟಾಗ ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ಉದ್ಯೋಗದ ಒಳ್ಳೆಯ ದಿನಗಳನ್ನು ಎಣಿಸುವಾಗ ಆ ದಿನವನ್ನು ಮೊದಲು ಎಣಿಸುತ್ತಿದ್ದೆ.

ಆ ಮರಿಗಳ ರೆಕ್ಕೆ ಕಿತ್ತಳೆಯಾಗಿರಲಿಲ್ಲ, ನೀಲಿಯಾಗಿತ್ತು. ಅವು ಪುಣೆಯ ಕಡೆಯ ಮುಳಾ-ಮುಠಾ ನದಿಯಿಂದ 1839ರಲ್ಲಿ ಸೈಕ್ಸ್ ಎಂಬವರು ಹೆಸರಿಸಿದ, ಕೃಷ್ಣೆಯ ಕೊಳ್ಳದ ಬೇರೆಯೇ ಮಹಶೀರ್. ಲೋನಾವಳದ ಮರಿಗೇಂದ್ರದಲ್ಲಿ ಅದನ್ನು ಸಾಕುವ ವಿದ್ಯೆ ಕೈಗೂಡಿದ್ದರಿಂದ ಅದೇ ಮೀನನ್ನು ಕಾವೇರಿಗೂ ತಂದು ಬಿಟ್ಟರು. ಎರಡೂ ಮಹಶೀರೇ ಎಂದು ಎಲ್ಲರೂ ತಿಳಿದರು. ಕಾವೇರಿಯ ಕೆಳಹರಿವಿನಲ್ಲಿ ಗಾಳ ಹಾಕಿ, ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಮತ್ತೆ ನೀರಿಗೇ ಬಿಡುತ್ತಿದ್ದ ಹವ್ಯಾಸಿಗಳ ಶಿಬಿರವೊಂದಿತ್ತು. ಅವರ 1998ರಿಂದ 2012ರವರೆಗಿನ ಲೆಕ್ಕವನ್ನು ವಿಜ್ಞಾನಿಗಳು ಕೂಡಿಸಿ ನೋಡಿದರು. ನೀಲಿರೆಕ್ಕೆ ಏರುತ್ತ ಹೋಗಿತ್ತು. ಕಿತ್ತಳೆರೆಕ್ಕೆಯ ದೊಡ್ಡವು ಅಪರೂಪಕ್ಕೆ ಸಿಕ್ಕುತ್ತಿದ್ದರೂ ಅದರ ಮರಿಗಳು ಬರಬರುತ್ತ ಕಾಣದಾದವು. ಇಷ್ಟು ಪ್ರಖ್ಯಾತವಾದ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮ ನಿಶ್ಚಯವಾದದ್ದು 2018ರಲ್ಲಿ. ಕೇರಳದ ಪಾಂಬಾರಿನಿಂದ 2007ರಲ್ಲಿ ವರ್ಣಿತವಾಗಿದ್ದ ಟಾರ್ ರೇಮಾದೇವಿಯೇ ಇದು ಎಂದು ಗೊತ್ತಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ನಾಮಕರಣವೂ ನಾಡಿಯ ಪರೀಕ್ಷೆಯೂ ಒಟ್ಟಿಗೇ ಆದಂತೆ. ಮೋಯಾರ್ ಹೊಳೆಯಲ್ಲಿ ಇನ್ನೂ ಇದೆ ಎನ್ನುತ್ತಾರೆ.

ಅಣೆಕಟ್ಟುಗಳು, ತೋಟೆ, ಮರಳು ತೆಗೆಯುವುದು ಎಲ್ಲವೂ ಸೇರಿ ಆದ ಅನಾಹುತವಿದು. ನನ್ನ ನಲವತ್ತು ಮಕ್ಕಳ ಚೀಲಗಳಿಂದ ನದಿ ಕೆಟ್ಟಿತೆಂದು ಹೇಳಿಕೊಂಡರೆ ಅದೂ ಒಂದು ಬಗೆಯ ಜಂಬವಾದೀತು. ಆದರೂ ಜಪಾನಿನ ಕಥೆಯನ್ನು ಅಳಿಯನಿಗೆ ಅಷ್ಟು ಠೀವಿಯಿಂದ ಹೇಳುವ ಅಧಿಕಾರ ನನಗಿರಲಿಲ್ಲ. ಆದ್ದರಿಂದ ಹುಡುಗನಿಗೆ ಎಲ್ಲವನ್ನೂ ಹೇಳಿದೆ. ಆ ಮೀನು ನಮ್ಮ ಊರಿನದು, ಈಗ ನಾನು ಅದನ್ನು ತೋರಿಸಲಾರೆ, ಅದರ ಜಾಗಕ್ಕೆ ಬೇರೆಯದನ್ನು ಬಿಟ್ಟವರಲ್ಲಿ ನಾನೂ ಒಬ್ಬ ಎಂದೆ. ಅವನ ಅಪ್ಪ ನಡುವೆ ಬಾಯಿ ಹಾಕಿ, "ಆಗ ಯಾರಿಗೂ ಗೊತ್ತಿರಲಿಲ್ಲವಲ್ಲ, ಮಾವ" ಎಂದ. ಹುಡುಗ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, "ನೀವು ಬಿಟ್ಟವು ಈಗಲೂ ಇವೆಯೆ, ತಾತ?" ಎಂದು ಕೇಳಿದ.

"ಇರಬಹುದು, ಅವುಗಳ ಮಕ್ಕಳು ಮೊಮ್ಮಕ್ಕಳಂತೂ ಇವೆ."

"ಹಾಗಾದರೆ ಅವನ್ನೇ ಹಿಡಿಯೋಣ."

ಹಿಡಿದಮೇಲೆ ಮತ್ತೆ ಬಿಡಬೇಕೆ, ಬಿಡಬಾರದೆ? ಹದಿನೇಳು ಪ್ರಶ್ನೆಗಳಲ್ಲಿ ಇಲ್ಲದ ಪ್ರಶ್ನೆ ಇದು. ನನ್ನ ಸ್ನೇಹಿತರನ್ನು ಕೇಳಿದೆ. ಅವರು ಬೀಡಿ ಹಚ್ಚಿ, "ಮೊದಲು ಕಚ್ಚಲಿ, ಮೇಷ್ಟ್ರೇ" ಎಂದರು.

ಸದ್ಯಕ್ಕೆ ಗೊತ್ತುಮಾಡಿರುವುದು ಇಷ್ಟು. ಮೊದಲ ದಿನ ಹಿನ್ನೀರಿನಲ್ಲಿ, ಹಲಸಿನ ಮರದ ಆಚೆಯ ತೋಡಿನ ನೇರಕ್ಕೆ. ಎರಡನೆಯ ದಿನ ಗಾಳವನ್ನು ಮನೆಯಲ್ಲೇ ಬಿಟ್ಟು, ಕೂಡಿಗೆ, ಹೆಬ್ಬಾಲೆ, ಶಿರಂಗಾಲದ ಮೇಲೆ ಹಾದು ರಾಮನಾಥಪುರಕ್ಕೆ. ಅಲ್ಲಿ ರಾಮೇಶ್ವರನ ಗುಡಿಯ ಕೆಳಗೆ, ವಹ್ನಿಪುಷ್ಕರಿಣಿಯಲ್ಲಿ, ಭಕ್ತರು ಪುರಿ ಎಸೆದು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿರುವ ದೇವರ ಮೀನುಗಳಿವೆ. ಅವುಗಳ ರೆಕ್ಕೆಯ ಬಣ್ಣವನ್ನು ನಾನು ಇದುವರೆಗೆ ಸರಿಯಾಗಿ ನೋಡಿಲ್ಲ. ಹುಡುಗನ ಕಣ್ಣು ಚುರುಕಾಗಿದೆ. ಎರಡು ಸೇರು ಪುರಿ ತಂದಿಟ್ಟಿದ್ದೇನೆ; ರಾಗಿಹಿಟ್ಟು ಮನೆಯಲ್ಲೇ ಇದೆ.