ಹಳೆಯ ಗಾಡಿಗೆ ಬೇರೆ ಎಂಜಿನ್ನು

ಕನ್ನಡ ಪಂಡಿತನಿಗೂ ಡೀಸೆಲ್ ಎಂಜಿನ್ನಿಗೂ ಏನು ನಂಟೆಂದು ನೀವು ಕೇಳಬಹುದು. ಆ ನಂಟು ಬೆಳೆದದ್ದು ಒಂದು ಅರ್ಜಿಯಿಂದ. ಹಾನಗಲ್ಲಿನಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬ, ಈಗ ಎರಡು ಮಕ್ಕಳ ತಂದೆ, ಒಂದು ಸಂಜೆ ಮನೆಗೆ ಬಂದು, “ಗುರುಗಳ, ಗಾಡಿ ಎಂಜಿನ್ ಬದಲಿ ಮಾಡಸ್ಬೇಕಂತ ಮಾಡೇನ್ರಿ. ಹಾವೇರಿ ಆರ್.ಟಿ.ಓ. ಆಫೀಸಿಗೆ ಒಂದು ಅರ್ಜಿ ಬರಕೊಡ್ರಿ” ಎಂದ. ಅವನದು ಇಪ್ಪತ್ತು ವರ್ಷ ದುಡಿದ ಡೀಸೆಲ್ ಪಿಕಪ್ಪು. ಬೇಸಿಗೆಯಲ್ಲಿ ಮಾವು, ಸುಗ್ಗಿಯಲ್ಲಿ ಭತ್ತ, ನಡುವೆ ಮೆಣಸಿನಕಾಯಿ. ಹೀಗೆ ಅಕ್ಕಿಆಲೂರು, ತಿಳವಳ್ಳಿಗಳಿಂದ ಬ್ಯಾಡಗಿ, ಹುಬ್ಬಳ್ಳಿಗಳವರೆಗೆ ಹೊರೆ ಹೊತ್ತು ಆ ಗಾಡಿ ಅವನ ಸಂಸಾರವನ್ನು ಸಾಕಿತ್ತು. ಮಾವಿನ ಕಾಲಕ್ಕೆ ಇನ್ನು ಆರೇ ವಾರ ಉಳಿದಿದ್ದವು. ಹೆಂಡತಿಯ ಬಳೆಗಳನ್ನು ಒತ್ತೆಯಿಟ್ಟು ಹಣ ತಂದಿದ್ದ. ಅರ್ಜಿಯಲ್ಲಿ ಬರೆಯಬೇಕಲ್ಲ ಎಂದು ಹೊಸ ಎಂಜಿನ್ನಿನ ನಂಬರು ಕೇಳಿದೆ. “ಅದು ಗೊತ್ತಿಲ್ರಿ, ಐದು ಸಾವಿರ ಮುಂಗಡ ಮಾತ್ರ ಕೊಟ್ಟೇನಿ” ಎಂದ. ಆ ಉತ್ತರವೇ ಈ ಭಾಷಣಕ್ಕೆ ಮೂಲ.

ಎಂಜಿನ್ನು ಬದಲಿಸಬೇಕೆನ್ನುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಇದ್ದ ಎಂಜಿನ್ನು ನಿಜವಾಗಿಯೂ ಸತ್ತಿದೆಯೇ? ಅದನ್ನು ತಿಳಿಯಲು ಅದರ ಸ್ವಭಾವವನ್ನು ತುಸು ತಿಳಿದಿರಬೇಕು. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರನು 1897ರಲ್ಲಿ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರಕ್ಕೆ ಕಿಡಿಯ ಹಂಗಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿದ್ದೀರಿ. ಅದೇ ತತ್ವ. ಪಿಸ್ಟನ್ನು ಗಾಳಿಯನ್ನು ಇಪ್ಪತ್ತರಲ್ಲೊಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ; ಆ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ; ಅದರೊಳಗೆ ನಾಜಲಿನಿಂದ ಚಿಮ್ಮಿದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಡೀಸೆಲ್ ಎಂಜಿನ್ನಿನ ಪ್ರಾಣವೆಂದರೆ ಈ ಒತ್ತಡ. ರಿಂಗು, ಲೈನರು, ವಾಲ್ವುಗಳು ಸವೆದು ಒತ್ತಡ ಸೋರಿದರೆ, ಮುಂಜಾನೆಯ ಚಳಿಯಲ್ಲಿ ಗಾಡಿ ಎದ್ದೇಳುವುದೇ ಇಲ್ಲ.

ಹೊಗೆಯೂ ಮಾತನಾಡುತ್ತದೆ. ಕಪ್ಪು ಹೊಗೆ ಬಂದರೆ ಎಣ್ಣೆ ಹೆಚ್ಚಾಗಿದೆ, ಇಲ್ಲವೆ ಗಾಳಿ ಸಾಲದಾಗಿದೆ; ಅದು ನಾಜಲಿನ, ಪಂಪಿನ ಅಥವಾ ಗಾಳಿ ಸೋಸುವ ಫಿಲ್ಟರಿನ ದೋಷವಾಗಿರಬಹುದು. ಇಂಥ ದೋಷಕ್ಕೆ ಎಂಜಿನ್ನನ್ನೇ ಬದಲಿಸುವುದು, ಹಲ್ಲು ನೋವಿಗೆ ತಲೆ ಬದಲಿಸಿದಂತೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲು ಉರಿಯುತ್ತಿದೆ. ರಿಂಗು ಇಲ್ಲವೆ ವಾಲ್ವಿನ ಗೈಡು ಸವೆದಿರಬೇಕು. ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ ಡೀಸೆಲ್ ಉರಿಯದೆ ಹೋಗುತ್ತಿದೆ, ಅಥವಾ ನೀರು ಒಳಗೆ ಇಳಿದಿದೆ. ಇಷ್ಟನ್ನು ಕಣ್ಣಿನಿಂದ ನೋಡಿ, ಆ ಮೇಲೆ ಮೇಸ್ತ್ರಿಯಿಂದ ಒಂದೊಂದು ಸಿಲಿಂಡರಿನ ಒತ್ತಡವನ್ನೂ ಗೇಜಿನಿಂದ ಅಳೆಸಬೇಕು. ಅಳೆಯದೆ “ಎಂಜಿನ್ ಹೋಯ್ತು” ಎನ್ನುವ ಮಾತನ್ನು ನಂಬತಕ್ಕದ್ದಲ್ಲ.

ಎಂಜಿನ್ನು ನಿಜವಾಗಿ ಸೋತಿದ್ದರೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಇದ್ದುದನ್ನೇ ಬಿಚ್ಚಿ ಹೊಸದು ಮಾಡಿಸುವುದು ಒಂದು. ಅದೇ ಜಾತಿಯ ಇನ್ನೊಂದು ಎಂಜಿನ್ನನ್ನು ತಂದು ಕೂರಿಸುವುದು ಎರಡು. ಬೇರೆ ಜಾತಿಯ ಎಂಜಿನ್ನನ್ನು ಹೊಂದಿಸುವುದು ಮೂರು.

ಮೂರನೆಯ ದಾರಿ ಅಗ್ಗವಾಗಿ ಕಾಣುತ್ತದೆ. ಹಳೆಯ ಟ್ರಾಕ್ಟರಿನ ಎಂಜಿನ್ನು ಗಟ್ಟಿ, ಹಾಕಿಸೋಣ ಎಂದು ನನ್ನ ಶಿಷ್ಯನಿಗೂ ಒಬ್ಬರು ಹೇಳಿದ್ದರು. ಗಟ್ಟಿಯೆಂಬುದು ನಿಜ. ಆದರೆ ಹೊಲದ ಯಂತ್ರ ನಿಮಿಷಕ್ಕೆ ಸುಮಾರು 2,000 ಸುತ್ತಿಗೆ ನಿಲ್ಲುವಂತೆ ಕಟ್ಟಿದ್ದು. ರಸ್ತೆಯ ಯಂತ್ರ ಮೂರು ಸಾವಿರವನ್ನು ದಾಟುತ್ತದೆ. ಲೆಕ್ಕ ಹಾಕಿ ನೋಡಿ: 3,200 ಸುತ್ತಿನಲ್ಲಿ ಗಂಟೆಗೆ 60 ಕಿಲೋಮೀಟರು ಓಡುತ್ತಿದ್ದ ಗಾಡಿ, ಅದೇ ಗೇರಿನಲ್ಲಿ 2,000 ಸುತ್ತಿಗೆ ಮೂವತ್ತೇಳೂವರೆಗೆ ಇಳಿಯುತ್ತದೆ. ಮಾವು ಹುಬ್ಬಳ್ಳಿ ತಲುಪುವ ಹೊತ್ತಿಗೆ ಸವಾಲು ಮುಗಿದಿರುತ್ತದೆ. ಹೆಚ್ಚಿನ ತೂಕದಿಂದ ಮುಂದಿನ ಪಾಟಾ ಕುಸಿಯುವುದು, ಕ್ಲಚ್ಚು ಹೊಂದದಿರುವುದು ಬೇರೆ. ವ್ಯಾಕರಣದಲ್ಲಿ ಇದನ್ನು ಅರಿಸಮಾಸ ಎನ್ನುತ್ತೇವೆ. ಎರಡು ಪದಗಳೂ ಶುದ್ಧವೇ, ಕೂಡಿಕೆ ಮಾತ್ರ ಸಲ್ಲದು.

ಇನ್ನು ಈಚಿನ ಕಾಮನ್‌ರೈಲ್ ಎಂಜಿನ್ನುಗಳು. ಅವುಗಳಲ್ಲಿ ಎಣ್ಣೆಯ ಚಿಮ್ಮುವಿಕೆಯನ್ನು ಒಂದು ವಿದ್ಯುನ್ಮಾನ ಪೆಟ್ಟಿಗೆ ಆಳುತ್ತದೆ. ಎಂಜಿನ್ನಿನ ಜೊತೆಗೆ ಆ ಪೆಟ್ಟಿಗೆ, ವೈರುಗಳು, ಸೆನ್ಸರುಗಳು ಎಲ್ಲವೂ ಬರದಿದ್ದರೆ ಅದು ಬರಿಯ ಕಬ್ಬಿಣದ ಗಡ್ಡೆ. ಹಳೆಯ ಪಂಪಿನ ಎಂಜಿನ್ನನ್ನು ನಮ್ಮೂರ ಮೇಸ್ತ್ರಿಯೇ ಬಿಚ್ಚಿ ಕೂಡಿಸಬಲ್ಲ. ಇದಕ್ಕೆ ದೋಷ ಓದುವ ಯಂತ್ರವೂ ಬೇಕು.

ಎರಡನೆಯ ದಾರಿಯಲ್ಲಿ ಹೆಸರನ್ನು ಓದಲು ಕಲಿಯಬೇಕು. ಟಾಟಾದವರ 497 ಎಂದರೆ ನಾಲ್ಕು ಸಿಲಿಂಡರು, ಒಂದೊಂದರ ಬೋರು 97 ಮಿಲಿಮೀಟರು. ಹಿಂದೆ ಮಹೀಂದ್ರ ಜೀಪುಗಳಿಗೆ ಬರುತ್ತಿದ್ದ ಪ್ಯೂಜೋ ಎಕ್ಸ್‌ಡಿಪಿ 4.90 ಎಂಬುದರಲ್ಲಿಯೂ ನಾಲ್ಕು ಸಿಲಿಂಡರು, 90 ಮಿಲಿಮೀಟರು ಬೋರು. ಹೆಸರು ಒಂದೇ ಆದರೆ ಬಿಡಿಭಾಗಗಳು ಹೊಂದುವ ನಂಬಿಕೆ ಹೆಚ್ಚು. ಆದರೆ ಗುಜರಿಯ ಎಂಜಿನ್ನನ್ನು ಕೊಳ್ಳುವಾಗ ಬ್ಲಾಕಿನ ಮೇಲೆ ಕೊರೆದ ನಂಬರನ್ನು ಕಣ್ಣಾರೆ ನೋಡಿ, ಬಿಲ್ಲಿನಲ್ಲಿ ಅದೇ ನಂಬರನ್ನು ಬರೆಯಿಸಿಕೊಳ್ಳಬೇಕು. ಮೂಲ ಗಾಡಿಯ ಕಾಗದಗಳ ನಕಲನ್ನೂ ಕೇಳಬೇಕು.

ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ಆರ್.ಸಿ. ಪುಸ್ತಕದಲ್ಲಿ ಬರೆದಿರುವುದಕ್ಕೂ ಗಾಡಿಗೂ ತಾಳೆ ತಪ್ಪುವಂಥ ಬದಲಾವಣೆಯನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಕೈ ಹಚ್ಚುವ ಮೊದಲೇ ನೋಂದಣಿ ಅಧಿಕಾರಿಗಳನ್ನು ಕೇಳಿ ಒಪ್ಪಿಗೆ ಪಡೆಯಬೇಕು. ಮಾಡಿಸಿದ ಮೇಲೆ ಹದಿನಾಲ್ಕು ದಿನಗಳೊಳಗೆ ತಿಳಿಸಿ ಪುಸ್ತಕದಲ್ಲಿ ದಾಖಲು ಮಾಡಿಸಬೇಕು. ವಿಮೆಯವರಿಗೂ ತಿಳಿಸತಕ್ಕದ್ದು. ನಂಬರು ತಾಳೆಯಾಗದ ಗಾಡಿ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕರೆ ಪರಿಹಾರದ ಮಾತು ಕಗ್ಗಂಟಾಗುತ್ತದೆ.

ಮರುದಿನ ನಾವಿಬ್ಬರೂ ಆ ಎಂಜಿನ್ನನ್ನು ನೋಡಲು ಹೋದೆವು. ನಂಬರಿನ ಜಾಗವನ್ನು ಅರ ಹಾಕಿ ಉಜ್ಜಲಾಗಿತ್ತು. ಮಾರುವವನು ನಕ್ಕು, “ಯಾರು ನೋಡ್ತಾರ ಬಿಡ್ರಿ” ಎಂದ. ಮುಂಗಡ ತಿರುಗಿ ಬರಲಿಲ್ಲ. ಶಿಷ್ಯನ ಮುಖ ಸಣ್ಣದಾಯಿತು, ನನಗೂ ಸಂಕಟವಾಯಿತು. ಆದರೂ ಐದು ಸಾವಿರ ಹೋದದ್ದು ಗಾಡಿಯೇ ಜಪ್ತಿಯಾಗುವುದಕ್ಕಿಂತ ಮೇಲೆಂದು ಎಬ್ಬಿಸಿಕೊಂಡು ಬಂದೆ.

ಬಳಿಕ ಅವನ ಎಂಜಿನ್ನನ್ನೇ ಬಿಚ್ಚಿಸಿದೆವು. ಬ್ಲಾಕು ಒಡೆದಿರಲಿಲ್ಲ, ಕ್ರಾಂಕನ್ನು ಅಳೆದಾಗ ಇನ್ನೊಂದು ಸಲ ಅರೆಯುವಷ್ಟು ಕಬ್ಬಿಣವಿತ್ತು. ಲೈನರು, ಪಿಸ್ಟನ್ನು, ರಿಂಗು, ಬೇರಿಂಗುಗಳು ಹೊಸವು ಬಂದವು, ಹೆಡ್ಡು ಸಾಪಾಯಿತು, ಪಂಪನ್ನೂ ನಾಜಲುಗಳನ್ನೂ ಹುಬ್ಬಳ್ಳಿಯಲ್ಲಿ ಪರೀಕ್ಷೆಗೆ ಹಚ್ಚಿಸಿದ. ಬೇರೆ ಎಂಜಿನ್ನಿಗೆಂದು ಎತ್ತಿಟ್ಟ ಹಣದೊಳಗೇ ಕೆಲಸ ಮುಗಿಯಿತು. ಬ್ಲಾಕು ಒಡೆದಿದ್ದರೆ ಎರಡನೆಯ ದಾರಿಯನ್ನೇ ಹಿಡಿಯುತ್ತಿದ್ದೆವು, ಕಾಗದಸಹಿತ.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಎಂಜಿನ್ನು ಹೊಸದಾದರೂ ಚಾಸಿಯ ವಯಸ್ಸು ಕಡಿಮೆಯಾಗುವುದಿಲ್ಲ. ಎಂಟು ವರ್ಷ ದಾಟಿದ ಬಾಡಿಗೆಯ ಗಾಡಿಗೆ ವರ್ಷವರ್ಷವೂ ಫಿಟ್‌ನೆಸ್ ಬೇಕು. ಹದಿನೈದು ದಾಟಿದವಕ್ಕೆ 2022ರಿಂದ ಶುಲ್ಕವೂ ಏರಿದೆ. ತಳ ತುಕ್ಕು ತಿಂದಿದ್ದರೆ ಆ ಹಣವನ್ನು ಹೊಸ ಗಾಡಿಯ ಮೊದಲ ಕಂತಿಗೆ ಇಡುವುದೇ ಲೇಸು. ಮೊದಲು ಅಳೆಯಿಸಿ, ಆಮೇಲೆ ಬಿಚ್ಚಿಸಿ, ಕೊನೆಗೆ ಹಣ ಕೊಡಿ; ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ.

ಮಾವಿನ ಮೊದಲ ಹೊರೆ ಆ ವರ್ಷ ತಪ್ಪಲಿಲ್ಲ. ಮಳೆಗಾಲ ಹಿಡಿಯುವ ಮುನ್ನ ಬಳೆಗಳೂ ಮನೆಗೆ ಬಂದವು. ಎಂಜಿನ್ನಿನ ನಂಬರು ಹಳೆಯದೇ ಉಳಿದುದರಿಂದ ನಾನು ಬರೆದುಕೊಡಬೇಕಾಗಿದ್ದ ಅರ್ಜಿಯ ಅಗತ್ಯವೇ ಬೀಳಲಿಲ್ಲ.