ಊರು ಬಿಟ್ಟ ಆತಕೂರಿನ ಕಲ್ಲು
(ಮೈಸೂರಿನಲ್ಲಿ ನೀಡಿದ ಉಪನ್ಯಾಸ)



ಸ್ಕಾಟ್ಲೆಂಡಿನ ರತ್‌ವೆಲ್ ಎಂಬ ಹಳ್ಳಿಯಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಒಂದು ಕಲ್ಲಿನ ಶಿಲುಬೆಯಿದೆ. 17ನೆಯ ಶತಮಾನದಲ್ಲಿ ವಿಗ್ರಹಾರಾಧನೆಯ ವಿರೋಧಿಗಳು ಅದನ್ನು ಒಡೆದು ಹಾಕಿದರು. 19ನೆಯ ಶತಮಾನದಲ್ಲಿ ಊರಿನ ಪಾದ್ರಿ ಹೆನ್ರಿ ಡಂಕನ್ ತುಂಡುಗಳನ್ನು ಕೂಡಿಸಿ ನಿಲ್ಲಿಸಿದರು. ಇಂದು ಅದು ಆ ಊರಿನ ಚರ್ಚಿನೊಳಗೇ ಇದೆ.

ನಮ್ಮ ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲೂ ಅಂಥದೊಂದು ಕಲ್ಲಿತ್ತು. ಅದರ ಕಥೆ ಬೇರೆಯಾಯಿತು.

ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರಿಗೂ ಯುದ್ಧ ನಡೆಯಿತು. ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗ, ಆನೆಯ ಮೇಲಿದ್ದ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಕಡೆಯ ವೀರ ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ 'ಬೇಕಾದ್ದನ್ನು ಕೇಳು' ಎಂದಾಗ, ಮಣಲೆರ ಹೊನ್ನು ಕೇಳಲಿಲ್ಲ, 'ಕಾಳಿ' ಎಂಬ ಬೇಟೆನಾಯಿಯನ್ನು ಕೇಳಿದ.

ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದಿತು. ಎರಡೂ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಅದಕ್ಕೆ ಎರಡು ಕಂಡುಗ ಮಣ್ಣು ಬಿಡಿಸಿದ. ಆ ಮಣ್ಣನ್ನು ಅನುಭವಿಸುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆ ಎಂದೂ ಶಾಸನ ಹೇಳುತ್ತದೆ. ಕಲ್ಲಿನ ಮೇಲ್ಭಾಗದಲ್ಲಿ ನಾಯಿ, ಹಂದಿಗಳ ಕಾಳಗದ ಶಿಲ್ಪವಿದೆ.

ಒಂದು ಮಹಾಯುದ್ಧದ ಸುದ್ದಿ, ಒಂದು ನಾಯಿಯ ಸಾವು ಎರಡೂ ಒಂದೇ ಕಲ್ಲಿನಲ್ಲಿ ಉಳಿದಿವೆ. ಇತಿಹಾಸಕಾರರಿಗೆ ಮೊದಲನೆಯದು ಮುಖ್ಯ. ಆದರೆ ಕಲ್ಲು ನೆಟ್ಟದ್ದು ಎರಡನೆಯದಕ್ಕಾಗಿ.

ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಮಳೆ, ಬಿಸಿಲಿನ ಭಯವಿಲ್ಲ, ಅಭ್ಯಾಸಿಗಳಿಗೂ ಅನುಕೂಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುಡಿ, ಮಣ್ಣು, ಗೊರವ, ಕಲ್ಲು ಎಂದು ಮಣಲೆರ ಕಟ್ಟಿಕೊಟ್ಟ ನಂಟು ಅಲ್ಲಿಲ್ಲ. ನೋಡುಗನಿಗೆ ಬೆಳತೂರಿನ ಮೊರಡಿ ಕಾಣುವುದಿಲ್ಲ. ಆತಕೂರಿನ ಮಗುವಿಗೆ ಕಾಳಿ ಕಾಣುವುದಿಲ್ಲ.

ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ವೀರಗಲ್ಲುಗಳಿವೆ. ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ, ಕೆಲವು ಕಾಲುವೆಗೆ ಹಾಸಾಗಿವೆ. ಅವನ್ನೆಲ್ಲ ನಗರಕ್ಕೆ ಸಾಗಿಸಲಾಗದು, ಸಾಗಿಸಲೂಬಾರದು. ಓದಿಸಿ, ಎತ್ತಿ ನಿಲ್ಲಿಸಿ, ಪಕ್ಕದಲ್ಲಿ ಹೊಸಗನ್ನಡದಲ್ಲಿ ನಾಲ್ಕು ಸಾಲು ಬರೆಸಿದರೆ ಸಾಕು. ಆತಕೂರಿನಲ್ಲೂ ಗುಡಿಯ ಮುಂದೆ ಕಲ್ಲಿನ ಪ್ರತಿಕೃತಿಯೊಂದನ್ನು ನಿಲ್ಲಿಸಬಹುದು. ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆ ಅಂದಿನ ಗೊರವನಿಗೆ ಇತ್ತು. ನೋಡದೆ ಮುಂದೆ ಹೋಗಬಾರದೆಂಬಷ್ಟು ಕಟ್ಟಳೆಯನ್ನಾದರೂ ನಾವು ಇಟ್ಟುಕೊಳ್ಳೋಣ.